ಬಿಯರ್ ಬ್ಯಾಚ್ ಹುಳಿಯಾಯಿತೇ? ಚಿಲ್ಲರ್ ಒಮ್ಮೆ ನೋಡಿ

ಬೆಂಗಳೂರು: ಮೈಕ್ರೋಬ್ರೂವರಿಗಳಲ್ಲಿ ಕುದಿಸಿದ ಮಾಲ್ಟ್ ರಸವನ್ನು, ಅಂದರೆ ವರ್ಟ್ ಅನ್ನು, ಬೇಗನೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುವ ಸಾಧನವೇ ಚಿಲ್ಲರ್. ಅಲ್ಲಿಂದ ಮುಂದೆ ರಸವನ್ನು ಮತ್ತೆ ಕುದಿಸುವುದಿಲ್ಲ. ಹೀಗಾಗಿ ಚಿಲ್ಲರ್‌ನಲ್ಲಿ ಉಳಿದ ಬ್ಯಾಕ್ಟೀರಿಯಾ ಯೀಸ್ಟ್ ಜತೆಗೇ ಬೆಳೆದು ಇಡೀ ಬ್ಯಾಚ್ ಚರಂಡಿ ಪಾಲಾಗಬಹುದು.

ಪ್ಲೇಟ್ ಚಿಲ್ಲರ್‌ನ ತೆಳು ತಗಡುಗಳ ನಡುವೆ ಹಾಪ್ಸ್ ಚೂರು, ಪ್ರೋಟೀನ್ ಸಿಕ್ಕಿಕೊಳ್ಳುತ್ತವೆ. ಒಣಗಿದರೆ ಬಿಡಿಸುವುದು ಕಷ್ಟ. ಕೆಲಸ ಮುಗಿದ ಕೂಡಲೇ ಬಿಸಿನೀರನ್ನು ಹಿಮ್ಮುಖವಾಗಿ, ತಿಳಿಯಾಗುವ ತನಕ ಹರಿಸಬೇಕು. ನಂತರ ಬಿಸಿ ಕಾಸ್ಟಿಕ್ ದ್ರಾವಣ, ಮತ್ತೆ ನೀರು. ಬೋರ್‌ವೆಲ್ ಗಡಸುನೀರು ಬಳಸುವಲ್ಲಿ ನೀರಿನ ಬದಿಗೂ ಸುಣ್ಣ ಕಟ್ಟುತ್ತದೆ. ಅದಕ್ಕೆ ಆಮ್ಲದ ತೊಳೆತವೇ ಬೇಕು. ಬ್ಲೀಚಿಂಗ್ ಮಾತ್ರ ಬೇಡ, ಕ್ಲೋರಿನ್ ಸ್ಟೀಲನ್ನೇ ತಿನ್ನುತ್ತದೆ. ತಾಮ್ರದ ಸುರುಳಿ ಚಿಲ್ಲರ್ ಆದರೆ ತೊಳೆದು, ಕುದಿಯುವ ರಸದಲ್ಲೇ ಕೊನೆಯ 15 ನಿಮಿಷ ಮುಳುಗಿಸಿಟ್ಟರೆ ಸಾಕು.

ಅಂದಹಾಗೆ, ಇದನ್ನು ಓದಿ ಮನೆಯಲ್ಲೇ ಬಿಯರ್ ಮಾಡಲು ಹೊರಡಬೇಡಿ. ಬೆಂಗಳೂರಿರಲಿ, ಠಾಣೆಯ ಮಾಜಿವಾಡಾ ಇರಲಿ, ಪರವಾನಗಿ ಇಲ್ಲದೆ ತಯಾರಿಸುವುದು ಅಪರಾಧ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.