ಮೋಸಕ್ಕೆ ಎಷ್ಟು ಹೆಸರು

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಶವಂತಪುರಕ್ಕೆ ಹೊಂದಿಕೊಂಡಿರುವ ಮತ್ತಿಕೆರೆಯ ಬೀದಿಗಳಲ್ಲಿ ಕನ್ನಡದೊಡನೆ ತೆಲುಗು, ತಮಿಳು, ಉರ್ದು ನುಡಿಗಳೂ ಬೆರೆತು ಕೇಳಿಬರುತ್ತವೆ. ಇಂತಹ ಬಡಾವಣೆಯಲ್ಲಿ ಯಾರಾದರೂ ಮೋಸಹೋದ ಸುದ್ದಿ ಹಬ್ಬಿತೆನ್ನಿ. ‘ಅವನಿಗೆ ಟೋಪಿ ಹಾಕಿದರು’ ಎಂದು ಒಬ್ಬರೆಂದರೆ, ‘ಸರಿಯಾಗಿ ನಾಮ ಹಾಕಿದರು’ ಎಂದು ಇನ್ನೊಬ್ಬರೆನ್ನುತ್ತಾರೆ. ‘ಕಿವಿಯ ಮೇಲೆ ಹೂವಿಟ್ಟರು’ ಎಂದು ಮತ್ತೊಬ್ಬರು ನಗುತ್ತಾರೆ. ತೆಲುಗರೂ ಟೋಪಿ ಹಾಕುವುದುಂಟು, ತಮಿಳರೂ ನಾಮ ಹಾಕುವುದುಂಟು. ಕಿವಿಯ ಹೂವಂತೂ ಮೂರು ಭಾಷೆಗಳಲ್ಲಿಯೂ ಅರಳಿದೆ. ದಗಾ, ಮಸಲತ್ತು, ಪಿತೂರಿ ಮುಂತಾದ ಶಬ್ದಗಳು ಅರಬ್ಬೀ, ಪಾರಸಿಗಳಿಂದ ಬಂದು ಕನ್ನಡದ್ದೇ ಆಗಿಬಿಟ್ಟಿವೆ. ನೆರೆಹೊರೆಯವರು ಸಕ್ಕರೆ, ಕಾಫಿಪುಡಿಗಳಂತೆ ಬೈಗುಳಗಳನ್ನೂ ಕಡ ತಂದುಕೊಳ್ಳುತ್ತಾರೆ!

ಈ ಮಾತುಗಳೆಲ್ಲ ಒಂದೇ ಅರ್ಥದವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಹಾಗಲ್ಲ. ಕಪಟವೆಂಬುದು ಮನಸ್ಸಿನಲ್ಲಿರುವ ಗುಣ. ವಂಚನೆಯೆಂಬುದು ಅದರಿಂದ ಹುಟ್ಟುವ ಕಾರ್ಯ. ಕಣ್ಣಿಗೆ ಮಣ್ಣೆರಚುವವನು ಇರುವುದನ್ನು ಕಾಣದಂತೆ ಮಾಡುತ್ತಾನೆ. ಮಂಕುಬೂದಿ ಎರಚುವವನಾದರೋ ಕಣ್ಣನ್ನು ಬಿಟ್ಟು ಬುದ್ಧಿಗೇ ಕೈಹಾಕುತ್ತಾನೆ. ಮೂಗಿಗೆ ತುಪ್ಪ ಸವರುವುದು ಇವೆರಡಕ್ಕಿಂತಲೂ ಸೂಕ್ಷ್ಮವಾದದ್ದು: ತುಪ್ಪದ ಪರಿಮಳ ಬರುತ್ತದೆ, ನಾಲಗೆಗೆ ಅದು ಎಟುಕುವುದಿಲ್ಲ. ಆಸೆ ತೋರಿಸಿ ಏನನ್ನೂ ಕೊಡದವನ ವರ್ತನೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ನುಡಿಗಟ್ಟನ್ನು ನಾನು ಕಾಣೆ. ಚಳ್ಳೆಹಣ್ಣಿನ ತಿರುಳು ಅಂಟಂಟಾಗಿರುತ್ತದೆ. ಬೆನ್ನಟ್ಟಿದವರಿಗೆ ಸಿಕ್ಕದೆ ಜಾರಿಕೊಂಡವನು ಅವರಿಗೆ ‘ಚಳ್ಳೆಹಣ್ಣು ತಿನ್ನಿಸಿದ’ ಎಂದು ನಮ್ಮ ಪತ್ರಿಕೆಗಳು ಇಂದಿಗೂ ಬರೆಯುತ್ತವೆ.

ತಾನು ಮುಂದೆ ಬಾರದೆ ಇತರರಿಂದ ಕೆಲಸ ಸಾಧಿಸುವವರ ಬಗೆಯೇ ಬೇರೆ. ಇಬ್ಬರ ನಡುವೆ ವೈರವನ್ನು ಬಿತ್ತುವುದಕ್ಕೆ ‘ಎತ್ತಿಕಟ್ಟುವುದು’ ಎನ್ನುತ್ತೇವೆ. ಮಂಥರೆಯು ಕೈಕೇಯಿಗೆ ಮಾಡಿದ್ದು ಇದನ್ನೇ. ಅವಳು ಕೈಕೇಯಿಯಿಂದ ಏನನ್ನೂ ಕದಿಯಲಿಲ್ಲ, ಅವಳ ಮನಸ್ಸನ್ನು ಮಾತ್ರ ತಿರುಗಿಸಿದಳು. ಇಂತಹವರ ಮಾತಿಗೆ ಸುಲಭವಾಗಿ ವಶವಾಗುವವರಿಗೂ ಕನ್ನಡದಲ್ಲಿ ಹೆಸರುಂಟು. ಚಾಡಿಯನ್ನು ವಿಚಾರಿಸದೆ ನಂಬುವವನದು ಹಿತ್ತಾಳೆ ಕಿವಿ; ಇನ್ನೊಬ್ಬನು ಆಡಿಸಿದಂತೆ ಆಡುವವನು ಕೈಗೊಂಬೆ. ಪಂಚತಂತ್ರದ ಆಷಾಢಭೂತಿಯು ಶಿಷ್ಯನಾಗಿ ಸೇರಿ, ಸೇವೆಯಿಂದ ಗುರುವಿನ ವಿಶ್ವಾಸವನ್ನು ಗಳಿಸಿ, ಕೊನೆಗೆ ಅವನ ಹಣವನ್ನು ಅಪಹರಿಸಿದನಷ್ಟೆ. ಅವನ ಹೆಸರು ಇಂದು ಅಂಕಿತನಾಮವಾಗಿ ಉಳಿದಿಲ್ಲ; ಸಜ್ಜನಿಕೆಯ ಸೋಗು ಹಾಕುವ ಯಾರನ್ನಾದರೂ ಆಷಾಢಭೂತಿಯೆಂದೇ ಕರೆಯುವುದು ರೂಢಿಯಾಗಿದೆ.

ಇಷ್ಟೊಂದು ಸಂಪತ್ತಿದ್ದರೂ ಒಂದು ಬಗೆಯ ಮೋಸಕ್ಕೆ ನಮ್ಮಲ್ಲಿ ಒಂಟಿ ಪದವಿಲ್ಲ. 1938ರಲ್ಲಿ ಇಂಗ್ಲೆಂಡಿನ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಲೇಖಕನ ‘ಗ್ಯಾಸ್ ಲೈಟ್’ ನಾಟಕ ಪ್ರದರ್ಶಿತವಾಯಿತು. ಅದರಲ್ಲಿ ಗಂಡನು ಮನೆಯ ವಸ್ತುಗಳನ್ನು ತಾನೇ ಬಚ್ಚಿಟ್ಟು, ಅವುಗಳನ್ನು ಕಳೆದವಳು ನೀನೇ ಎಂದು ಹೆಂಡತಿಯನ್ನು ನಂಬಿಸುತ್ತ, ಅವಳಿಗೆ ತನ್ನ ಬುದ್ಧಿಯ ಮೇಲೆಯೇ ಸಂಶಯ ಹುಟ್ಟುವಂತೆ ಮಾಡುತ್ತಾನೆ. ಇಂತಹ ನಡತೆಗೆ ಇಂಗ್ಲಿಷಿನಲ್ಲಿ ‘ಗ್ಯಾಸ್‌ಲೈಟಿಂಗ್’ ಎಂಬ ಹೆಸರು ಬಿದ್ದಿದೆ. ಪದವು ಹೊಸದಾದರೂ ಸಂಗತಿಯು ನಮಗೆ ಹೊಸದಲ್ಲ. ಹಿತೋಪದೇಶದಲ್ಲಿ ಬ್ರಾಹ್ಮಣನೊಬ್ಬನು ಆಡನ್ನು ಹೆಗಲ ಮೇಲೆ ಹೊತ್ತು ಬರುತ್ತಿರುತ್ತಾನೆ. ದಾರಿಯಲ್ಲಿ ದೂರದೂರಕ್ಕೆ ನಿಂತ ಮೂವರು ಧೂರ್ತರು ಒಬ್ಬರಾದ ಮೇಲೊಬ್ಬರು, ‘ಸ್ವಾಮಿ, ನಾಯಿಯನ್ನೇಕೆ ಹೊತ್ತಿದ್ದೀರಿ?’ ಎಂದು ಕೇಳುತ್ತಾರೆ. ಮೊದಲನೆಯವನ ಮಾತನ್ನು ಅವನು ತಳ್ಳಿಹಾಕುತ್ತಾನೆ. ಎರಡನೆಯವನು ಕೇಳಿದಾಗ ಆಡನ್ನು ಕೆಳಗಿಳಿಸಿ ಮತ್ತೆ ಮತ್ತೆ ನೋಡುತ್ತಾನೆ. ಮೂರನೆಯವನ ಮಾತಿಗೆ ಅದನ್ನು ಅಲ್ಲಿಯೇ ಬಿಟ್ಟು, ಸ್ನಾನಮಾಡಿ ಮನೆಗೆ ಹೋಗುತ್ತಾನೆ. ಧೂರ್ತರು ಅವನ ಕಣ್ಣಿಗೆ ಮಣ್ಣೆರಚಲಿಲ್ಲವೆಂಬುದನ್ನು ಗಮನಿಸಿರಿ. ಆಡು ಅವನೆದುರಿಗೇ ಇತ್ತು. ತನ್ನ ಕಣ್ಣನ್ನೇ ನಂಬದಂತೆ ಅವನನ್ನು ಮಾಡಿದರು.

ಪದಗಳ ಈ ವ್ಯತ್ಯಾಸವು ಕೇವಲ ಪಂಡಿತರ ಚರ್ಚೆಯಲ್ಲ, ನ್ಯಾಯಾಲಯದಲ್ಲಿಯೂ ಅದಕ್ಕೆ ಬೆಲೆಯುಂಟು. ನೆರೆಯವರಿಂದ ಚೀಟಿಯ ಹಣವನ್ನು ಸಂಗ್ರಹಿಸಿದ ವ್ಯಕ್ತಿಯೊಬ್ಬನು ಅದನ್ನು ಹಿಂದಿರುಗಿಸಲಿಲ್ಲವೆಂದು ಭಾವಿಸೋಣ. ಓಡಿಹೋಗುವ ಉದ್ದೇಶದಿಂದಲೇ ಸುಳ್ಳು ಹೇಳಿ ಹಣ ಪಡೆದಿದ್ದರೆ ಅದು ವಂಚನೆ. ಪ್ರಾಮಾಣಿಕವಾಗಿ ಪಡೆದು, ತನ್ನ ವಶದಲ್ಲಿದ್ದ ಹಣವನ್ನು ಅನಂತರ ದುರುದ್ದೇಶದಿಂದ ಬಳಸಿಕೊಂಡಿದ್ದರೆ ಅದು ನಂಬಿಕೆದ್ರೋಹ. ಕಳೆದುಕೊಂಡವರಿಗೆ ಎರಡೂ ಒಂದೇ ಆಗಿರಬಹುದು. ಕಾನೂನಿಗೆ ಅವು ಬೇರೆ ಬೇರೆ ಅಪರಾಧಗಳು. 1860ರ ಭಾರತೀಯ ದಂಡ ಸಂಹಿತೆಯಲ್ಲಿ, ವಂಚಿಸಿ ಸ್ವತ್ತನ್ನು ಪಡೆಯುವವರನ್ನು ಶಿಕ್ಷಿಸುವ ಕಲಮಿನ ಸಂಖ್ಯೆ 420 ಆಗಿತ್ತು. ಜನರು ಆ ಸಂಖ್ಯೆಯನ್ನೇ ಬೈಗುಳವಾಗಿಸಿಕೊಂಡರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಯು 318ನೆಯ ಕಲಮಿಗೆ ಸೇರಿದೆ. ಆದರೂ ಯಾರನ್ನಾದರೂ ‘ಮುನ್ನೂರ ಹದಿನೆಂಟು’ ಎಂದು ಬೈದದ್ದನ್ನು ನಾನಿನ್ನೂ ಕೇಳಿಲ್ಲ.

ಮೋಸಗಾರರೂ ಪದಗಳ ಶಕ್ತಿಯನ್ನು ಬಲ್ಲರು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಅನೇಕರು ‘ಡಿಜಿಟಲ್ ಬಂಧನ’ವೆಂಬ ಮಾತಿಗೆ ಹೆದರಿ ಹಣ ಕಳೆದುಕೊಂಡಿದ್ದಾರೆ. ಪೊಲೀಸ್ ಅಧಿಕಾರಿಯ ವೇಷದಲ್ಲಿ ವಿಡಿಯೋ ಕರೆಮಾಡುವವನು, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆಯೆಂದು ಬೆದರಿಸುತ್ತಾನೆ. ಕರೆಯನ್ನು ನಿಲ್ಲಿಸಕೂಡದು, ಮನೆಯವರಿಗೂ ಹೇಳಕೂಡದು ಎಂದು ಅಪ್ಪಣೆ ಮಾಡುತ್ತಾನೆ. ಓದುಬರಹ ಬಲ್ಲವರೂ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತಮ್ಮ ಕೋಣೆಯಲ್ಲಿಯೇ ಸೆರೆಯಾಳುಗಳಂತೆ ಕುಳಿತದ್ದುಂಟು. ಬಾಗಿಲಿಗೆ ಬೀಗವಿರಲಿಲ್ಲ, ‘ಬಂಧನ’ವೆಂಬ ಪದವೇ ಬೀಗವಾಗಿತ್ತು. ಹಿತೋಪದೇಶದ ಬ್ರಾಹ್ಮಣನಂತೆ ಇವರೂ ಒಂಟಿಯಾಗಿದ್ದರು. ‘ಅದು ಆಡೇ’ ಎಂದು ಹೇಳಬಲ್ಲ ಮನೆಯವರನ್ನು ಧೂರ್ತನು ಮೊದಲೇ ದೂರವಿಟ್ಟಿದ್ದನು. ಡಿಜಿಟಲ್ ಬಂಧನವೆಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಇಂತಹ ಮೋಸವನ್ನು ತಿಳಿಸಲು 1930 ಎಂಬ ದೂರವಾಣಿ ಸಂಖ್ಯೆಯುಂಟು. ಬೇಗನೆ ದೂರು ಕೊಟ್ಟರೆ, ಹೋಗುತ್ತಿರುವ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ.