ಐಕಾನ್ ಅಳಿಸಿದರೆ ಸಾಲದು: ಅಂಗಡಿ ಕಂಪ್ಯೂಟರಿಗೆ ‘ರಿವರ್ಸ್ ಪ್ರಾಕ್ಸಿ’ ಹಾಕೋದು, ತೆಗೆಯೋದು ಹೇಗೆ?

ತೆಲಸಂಗ: ಬಿಲ್ಲಿಂಗ್ ಕಂಪ್ಯೂಟರ್ ಅಂಗಡಿಯಲ್ಲಿ, ಮಾಲೀಕರು ತೋಟದಲ್ಲಿ. ಇವತ್ತಿನ ವ್ಯಾಪಾರ ಎಷ್ಟಾತು, ಯಾರ ಉದ್ರಿ ಎಷ್ಟು ಉಳಿದದ ಅಂತ ಮೊಬೈಲಿನಲ್ಲೇ ನೋಡಬೇಕು ಅಂದಾಗ ಕಂಪ್ಯೂಟರಿನವರು ಹಾಕಿಕೊಡುವ ತಂತ್ರಾಂಶಗಳಲ್ಲಿ ರಿವರ್ಸ್ ಪ್ರಾಕ್ಸಿಯೂ ಒಂದು. ಮುಂದೆ ಬೇಡವಾದಾಗ ಡೆಸ್ಕ್‌ಟಾಪ್ ಮೇಲಿನ ಐಕಾನ್ ಅಳಿಸಿ ‘ತೆಗದೀವ್ರಿ’ ಅಂತಾರೆ. ಆದರೆ ಅದು ಒಳಗೆ ಓಡುತ್ತಲೇ ಇರುತ್ತದೆ.

ಅದರ ಕೆಲಸ ಸರಳ. ಗಲ್ಲಾದ ಮೇಲೆ ಕುಳಿತವರು ಗಿರಾಕಿ ಕೇಳಿದ ಮಾಲನ್ನು ಗೋದಾಮಿನಿಂದ ತರಿಸಿ ಕೊಡ್ತಾರಲ್ಲ, ಹಾಗೆ. ಗಿರಾಕಿ ಗೋದಾಮಿನೊಳಗೆ ಕಾಲಿಡೋದಿಲ್ಲ. ಹೊರಗಿನಿಂದ ಬಂದ ಬೇಡಿಕೆಯನ್ನು ಪ್ರಾಕ್ಸಿ ತಾನೇ ತೆಗೆದುಕೊಂಡು, ಒಳಗಿನ ಬಿಲ್ಲಿಂಗ್ ತಂತ್ರಾಂಶವನ್ನು ಕೇಳಿ, ಉತ್ತರ ತಂದು ಕೊಡುತ್ತದೆ.

ಇದರಲ್ಲಿ ಹೆಸರಾದದ್ದು ‘ಎಂಜಿನ್‌ಎಕ್ಸ್’. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದದ್ದು, ಉಚಿತ. ವಿಂಡೋಸ್‌ಗೆ ಇದು ಬರೋದು ಜಿಪ್ ಫೈಲಿನಲ್ಲಿ. ಸಿ ಡ್ರೈವ್‌ನಲ್ಲಿ ಬಿಚ್ಚಿ, ‘ಕಾನ್ಫ್’ ಫೋಲ್ಡರಿನ ಫೈಲಿನಲ್ಲಿ ಬಿಲ್ಲಿಂಗ್ ತಂತ್ರಾಂಶದ ವಿಳಾಸ ಬರೆದು ಚಾಲೂ ಮಾಡಿದರೆ ಆಯ್ತು. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ. ‘ಏನೂ ಆಗ್ಲಿಲ್ಲ’ ಅಂತ ಮತ್ತೆ ಮತ್ತೆ ಒತ್ತಬೇಡಿ. ಒತ್ತಿದಷ್ಟು ಸಲ ಹೊಸದೊಂದು ಜೋಡಿ ಎದ್ದು ಕೂಡುತ್ತದೆ. ಆಮೇಲೆ ಫೈಲಿನಲ್ಲಿ ಏನು ತಿದ್ದಿದರೂ ಹಳೆಯದೇ ಉತ್ತರ ಕೊಡುತ್ತಿರುತ್ತದೆ. ಚಾಲೂ ಆಗದಿದ್ದರೆ 80ನೇ ಪೋರ್ಟನ್ನು ಬೇರೆ ಪ್ರೋಗ್ರಾಂ ಹಿಡಿದಿರಬಹುದು, ‘ಲಾಗ್ಸ್’ ಫೋಲ್ಡರಿನಲ್ಲಿ ಕಾರಣ ಬರೆದಿರುತ್ತದೆ.

ಇನ್ನು ತೆಗೆಯುವ ವಿಷಯ. ಇದಕ್ಕೆ ಇನ್‌ಸ್ಟಾಲರ್ ಇಲ್ಲ. ಹಾಗಾಗಿ ಕಂಟ್ರೋಲ್ ಪ್ಯಾನಲ್ಲಿನ ‘ಅನ್‌ಇನ್‌ಸ್ಟಾಲ್’ ಪಟ್ಟಿಯಲ್ಲಿ ಹುಡುಕಿದರೆ ಸಿಗೋದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ‘ಡಿಟೇಲ್ಸ್’ನಲ್ಲಿ ನೋಡಿ: ಎನ್, ಜಿ, ಐ, ಎನ್, ಎಕ್ಸ್ ಎಂಬ ಐದಕ್ಷರದ ಹೆಸರು ಸಾಮಾನ್ಯವಾಗಿ ಎರಡು ಸಾಲಿನಲ್ಲಿರುತ್ತದೆ. ಎಷ್ಟಿವೆಯೋ ಅಷ್ಟನ್ನೂ ನಿಲ್ಲಿಸಿ. ನಿಲ್ಲಿಸಿದ ಮೇಲೂ ಮತ್ತೆ ಕಾಣಿಸಿಕೊಂಡರೆ ಯಾರೋ ಅದನ್ನು ವಿಂಡೋಸ್ ‘ಸರ್ವಿಸ್’ ಆಗಿ ಸೇರಿಸಿದ್ದಾರೆ ಅಂತ ತಿಳೀರಿ. ಹಾಕಿದವರನ್ನೇ ಕರೆಸಿ ಮೊದಲು ಆ ಸರ್ವಿಸ್ ತೆಗೆಸಿ. ಸ್ಟಾರ್ಟ್‌ಅಪ್ ಪಟ್ಟಿಯನ್ನೂ, ಟಾಸ್ಕ್ ಶೆಡ್ಯೂಲರನ್ನೂ ಒಮ್ಮೆ ನೋಡಿಸಿ.

ಫೋಲ್ಡರ್ ಅಳಿಸೋ ಮುಂಚೆ ಒಂದು ನಿಮಿಷ ತಡೀರಿ. ಲಾಗ್ಸ್ ಫೋಲ್ಡರಿನ ‘ಆಕ್ಸೆಸ್ ಲಾಗ್’ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಯಾವ ವಿಳಾಸದಿಂದ, ಯಾವ ಹೊತ್ತಿಗೆ ಬಂದು ಏನು ಕೇಳಿದ್ದಾರೆ ಅನ್ನೋದು ಅದರಲ್ಲಿರುತ್ತದೆ. 192.168 ಎಂದು ಶುರುವಾಗುವ ಸಾಲುಗಳು ಅಂಗಡಿಯ ವೈಫೈಯೊಳಗಿನವು. ಬೇರೆ ಅಂಕಿಗಳಿದ್ದರೆ ನಿಮ್ಮ ಮೊಬೈಲ್ ಡೇಟಾ ಇರಬಹುದು, ಬೇರೆಯವರೂ ಇರಬಹುದು. ನೀವು ಮಲಗಿದ ಹೊತ್ತಿನ ಸಾಲುಗಳನ್ನು ಮಾತ್ರ ಸಸಾರ ಮಾಡಬೇಡಿ. ಗಿರಾಕಿಗಳ ಫೋನ್ ನಂಬರು, ಉದ್ರಿ ಲೆಕ್ಕ ಎಲ್ಲ ಆ ಬಾಗಿಲಿನ ಹಿಂದೆಯೇ ಇರೋದು.

ಕಂಪ್ಯೂಟರಿನಲ್ಲಿ ಅಳಿಸಿದರೂ ಎರಡು ಕಿಂಡಿ ಉಳೀತಾವೆ. ವಿಂಡೋಸ್ ಫೈರ್‌ವಾಲಿನಲ್ಲಿ ಕೊಟ್ಟ ಅನುಮತಿ ಒಂದು, ರೂಟರಿನಲ್ಲಿ ಮಾಡಿದ ‘ಪೋರ್ಟ್ ಫಾರ್ವರ್ಡಿಂಗ್’ ಇನ್ನೊಂದು. ಎರಡನ್ನೂ ತೆಗೆಸಿ. ಕೆಲವರು ರೂಟರ್ ಮುಟ್ಟದೆ ‘ಟನಲ್’ ತಂತ್ರಾಂಶ ಹಾಕಿರುತ್ತಾರೆ. ಅದು ಒಳಗಿನಿಂದಲೇ ಹೊರಗೆ ದಾರಿ ಮಾಡಿಕೊಳ್ಳುವುದರಿಂದ ರೂಟರಿನ ಕಿಂಡಿ ಮುಚ್ಚಿದರೂ ನಿಲ್ಲೋದಿಲ್ಲ, ಬೇರೆಯಾಗಿಯೇ ತೆಗೆಯಬೇಕು. ಹಾಕಿದವರನ್ನು ಇದನ್ನೂ ಬಾಯಿಬಿಟ್ಟು ಕೇಳಿ.

ಬಿಲ್ಲಿಂಗ್ ತಂತ್ರಾಂಶದ ಪಾಸ್‌ವರ್ಡ್ ಬದಲಿಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ನಂತರ ಫೋನಿನ ವೈಫೈ ಬಂದ್ ಮಾಡಿ, ಮೊಬೈಲ್ ಡೇಟಾದಲ್ಲಿ ಹಳೆಯ ವಿಳಾಸ ತೆರೆದು ನೋಡಿ. ಲಾಗಿನ್ ಪುಟ ಬಂದರೆ ಬಾಗಿಲು ಇನ್ನೂ ತೆರೆದೇ ಇದೆ. ರಿಪೇರಿ ಹಣ ಕೊಡೋ ಮುಂಚೆಯೇ ಇದನ್ನು ನೋಡಿಕೊಳ್ರಿ.