ನಲವತ್ತು ಫ್ಲಾಟಿನ ನೀರು ಎಲ್ಲಿಗೆ?

ನಿಮ್ಮೂರಲ್ಲೂ ಅಪಾರ್ಟ್‌ಮೆಂಟ್ ಏಳ್ತಿದೆಯಾ?
ರೇಟು ಆಮೇಲೆ ಕೇಳಿ.
ಮೊದಲು ಇದನ್ನ ಕೇಳಿ:
ಅಷ್ಟೂ ಮನೆಗಳ ಟಾಯ್ಲೆಟ್ ನೀರು ಹೋಗೋದೆಲ್ಲಿಗೆ?

ಲೆಕ್ಕ ಹಾಕೋಣ ಬನ್ನಿ.
40 ಫ್ಲಾಟು, ಸುಮಾರು 160 ಜನ.
ಒಳಚರಂಡಿ ಇರೋ ಊರಿಗೆ ಸರ್ಕಾರಿ ಮಾನದಂಡ,
ತಲೆಗೆ ದಿನಕ್ಕೆ 135 ಲೀಟರ್ ನೀರು.
ಅಂದ್ರೆ ದಿನಾ 21,600 ಲೀಟರ್!
ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಳಚೆಯಾಗಿ ಹೊರಗೆ ಬರುತ್ತೆ.

ಆ ಜಾಗದಲ್ಲಿ ಮೊದಲು ಇದ್ದದ್ದು?
ಒಂದು ಹೆಂಚಿನ ಮನೆ, ಹಿತ್ತಲಲ್ಲೊಂದು ಬಾವಿ.
ನಾಲ್ಕು ಜನಕ್ಕೆ ಇಟ್ಟ ಅನ್ನಕ್ಕೆ
ಮದುವೆ ದಿಬ್ಬಣವೇ ಬಂದು ಕೂತ ಹಾಗಾಯ್ತು.

ಒಳಚರಂಡಿ ಇಲ್ಲದಿದ್ರೆ ಗುಂಡಿ ತುಂಬುತ್ತೆ.
ಸಕ್ಕಿಂಗ್ ಗಾಡಿ ಬರುತ್ತೆ.
ಎಷ್ಟೋ ಊರಲ್ಲಿ ಅದು ಸುರಿಯೋದು
ರಾತ್ರೋರಾತ್ರಿ, ಕೆರೆ ಅಂಗಳದಲ್ಲಿ.
ಇದು ಅನ್ಯಾಯ. ಆ ನೀರು ಮತ್ತೆ ಬೋರ್‌ವೆಲ್‌ಗೇ ಇಳಿಯುತ್ತೆ.

ದೇವನಹಳ್ಳಿ ನೋಡಿ.
ವಿಮಾನ ನಿಲ್ದಾಣ ಬಂದ ಮೇಲೆ ಬೆಳೆದ ಊರು.
2015ರಲ್ಲಿ ಅಲ್ಲಿ ಶುರುವಾಯ್ತು
ಮಲತ್ಯಾಜ್ಯ ಸಂಸ್ಕರಣಾ ಘಟಕ.
ಗುಂಡಿಯಿಂದ ಎಳೆದದ್ದು ಅಲ್ಲಿ ಒಣಗಿ ಗೊಬ್ಬರ ಆಗುತ್ತೆ.
ಕಟ್ಟಿದಾಗ ಅದರ ಸಾಮರ್ಥ್ಯ ದಿನಕ್ಕೆ 6,000 ಲೀಟರ್,
ಒಂದೆರಡು ಗಾಡಿ ಲೋಡು ಅಷ್ಟೇ!

ಜನ ಒತ್ತೊತ್ತಾಗಿ ಇರೋದು ತಪ್ಪಲ್ಲ, ಹೊಲಗದ್ದೆ ಉಳಿಯುತ್ತೆ.
ಆದ್ರೆ ಅಡ್ವಾನ್ಸ್ ಕೊಡೋ ಮೊದಲು
ಬಿಲ್ಡರ್‌ಗೆ ಹೇಳಿ: ಎಸ್‌ಟಿಪಿ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕ, ತೋರಿಸಿ ಸಾರ್.
ಮೋಟಾರ್ ಓಡ್ತಿದೆಯಾ, ನೀವೇ ನಿಂತು ನೋಡಿ.